ಗಾಡಿ ಪ್ರಶ್ನೆ: ಸ್ಟಾರ್ಮ್‌ಗೆ ದೊಡ್ಡ ಎಂಜಿನ್ ಹಾಕಿಸಲಾ?

ಪ್ರಶ್ನೆ: ಸಾರ್, ನನ್ನ ಹತ್ರ 2001ರ ಸ್ಯಾನ್ ಸ್ಟಾರ್ಮ್ ಇದೆ. ಎರಡೇ ಸೀಟು, ಟಾಪ್ ತೆಗೆದು ಓಡಿಸಬಹುದು. ಗೋವಾದಿಂದ ತಂದಿದ್ದು. ನೋಡೋಕೆ ಚೆನ್ನಾಗಿದೆ, ಆದರೆ ಆಗುಂಬೆ ಘಾಟಿ ಹತ್ತುವಾಗ ಸೆಕೆಂಡ್ ಗೇರ್‌ನಲ್ಲೂ ಎಳೆಯೋದಿಲ್ಲ. ಲೋಗನ್‌ನ 1.6 ಪೆಟ್ರೋಲ್ ಎಂಜಿನ್ ಗುಜರಿಯಲ್ಲಿ ಸಿಗುತ್ತೆ, ಎರಡೂ ರೆನೋದೇ, ಆರಾಮಾಗಿ ಕೂರುತ್ತೆ ಅಂತ ಒಬ್ಬ ಮೆಕ್ಯಾನಿಕ್ ಹೇಳ್ತಾರೆ. ಹಾಕಿಸಲಾ?
– ತೀರ್ಥಹಳ್ಳಿಯ ಓದುಗರು

ಉತ್ತರ: ಬೇಡ. ಯಾಕೆ ಅಂತ ಹೇಳ್ತೀನಿ.

ನಿಮ್ಮ ಗಾಡಿಯಲ್ಲಿರೋದು 1149 ಸಿಸಿ ರೆನೋ ಎಂಜಿನ್, ಹೊಸದಿದ್ದಾಗ 60 ಎಚ್‌ಪಿ ಕೊಡುತ್ತಿತ್ತು. ಹಳೆ ಮಾರುತಿ 800 ಕೊಡುತ್ತಿದ್ದುದು 37. ಅದೇ 800ರಲ್ಲಿ ಉಡುಪಿಯಿಂದ ನಾಲ್ಕು ಜನ ಲಗೇಜ್ ಸಮೇತ ಆಗುಂಬೆಯ 14 ತಿರುವು ಹತ್ತಿ ಬಂದವರು ನಮ್ಮ ಕಡೆ ಬೇಕಾದಷ್ಟು ಜನ ಸಿಗ್ತಾರೆ, ಅಲ್ವಾ? ಫೈಬರ್ ಬಾಡಿಯ, ಇಬ್ಬರೇ ಕೂರುವ ಗಾಡಿಗೆ 60 ಎಚ್‌ಪಿ ಸಾಲದು ಅಂದರೆ ಆ 60 ಚಕ್ರಕ್ಕೆ ತಲುಪುತ್ತಿಲ್ಲ ಅಂತಲೇ ಅರ್ಥ.

ಮೊದಲು ಕ್ಲಚ್ ನೋಡಿ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್‌ಗೆ ಹಾಕಿ, ಐವತ್ತರ ಆಸುಪಾಸಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಆಮೇಲೆ ನಾಲ್ಕೂ ಸಿಲಿಂಡರ್‌ನ ಕಂಪ್ರೆಷನ್ ಚೆಕ್ ಮಾಡಿಸಿ. ಪೆಟ್ರೋಲ್ ಪಂಪಿನ ಪ್ರೆಶರ್ ನೋಡಿಸಿ. ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದ್ದರೂ ಏರಿನಲ್ಲಿ ಹೀಗೇ ಆಗುತ್ತೆ.

ಸ್ಟಾರ್ಮ್‌ನವರು ಮರೆಯಲೇಬಾರದ ಇನ್ನೊಂದು ಸಂಗತಿ ಅರ್ಥಿಂಗ್. ಬೇರೆ ಕಾರುಗಳಲ್ಲಿ ತಗಡಿನ ಬಾಡಿಯೇ ಅರ್ಥ್. ಫೈಬರ್‌ನಲ್ಲಿ ಕರೆಂಟ್ ಹರಿಯೋದಿಲ್ಲ, ಎಲ್ಲದಕ್ಕೂ ತಂತಿ ಎಳೆದು ಚಾಸಿಗೆ ಬೋಲ್ಟ್ ಮಾಡಬೇಕು. ನಮ್ಮ ಮಳೆಗಾಲದ ತೇವಕ್ಕೆ ಆ ಬೋಲ್ಟಿನ ಬುಡದಲ್ಲಿ ಹಸಿರು ಕಿಲುಬು ಹಿಡಿಯುತ್ತೆ. ಸೆನ್ಸರ್ ತಪ್ಪು ಲೆಕ್ಕ ಕೊಡುತ್ತೆ, ಎಂಜಿನ್ ತಡವರಿಸುತ್ತೆ, ದೋಷ ಎಲ್ಲಿದೆ ಅಂತ ಯಾರಿಗೂ ತಿಳಿಯೋದಿಲ್ಲ. ಒಂದೊಂದೇ ಬಿಚ್ಚಿ, ಎಮರಿ ಪೇಪರ್ ಹಾಕಿ ಉಜ್ಜಿ, ಗ್ರೀಸ್ ಹಚ್ಚಿ ಮತ್ತೆ ಬಿಗಿಯಿರಿ. ಗಾಡಿ ಎತ್ತಿದಾಗಲೇ ಚಾಸಿಯನ್ನೂ ನೋಡಿ. ಮೇಲಿನ ಫೈಬರ್ ಥಳಥಳ ಅಂತಿರುತ್ತೆ, ಕೆಳಗಿನ ಕಬ್ಬಿಣ ತುಕ್ಕು ಹಿಡಿದಿರುತ್ತೆ. ಸ್ಕ್ರೂಡ್ರೈವರ್ ತುದಿಯಿಂದ ಗಟ್ಟಿಯಾಗಿ ಚುಚ್ಚಿ. ಎಲ್ಲಾದರೂ ಒಳಗೆ ಹೋದರೆ ಎಂಜಿನ್ ಯೋಚನೆ ಪಕ್ಕಕ್ಕಿಟ್ಟು ಮೊದಲು ಅದನ್ನು ರಿಪೇರಿ ಮಾಡಿಸಿ.

ಇನ್ನು ಲೋಗನ್ ಎಂಜಿನ್. ಕಂಪನಿ ಒಂದೇ ಆದರೂ ಎಂಜಿನ್ ಕುಟುಂಬ ಬೇರೆ. ಎಂಜಿನ್ ಕೂರುವ ಮೌಂಟ್ ಹೊಸದಾಗಿ ವೆಲ್ಡ್ ಆಗಬೇಕು, ಗೇರ್‌ಬಾಕ್ಸ್ ಬದಲಾದರೆ ಅದರಿಂದ ಚಕ್ರ ತಿರುಗಿಸುವ ಡ್ರೈವ್‌ಶಾಫ್ಟ್ ಉದ್ದವೂ ನೋಡಬೇಕು. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ವೈರಿಂಗ್, ರೇಡಿಯೇಟರ್, ಸೈಲೆನ್ಸರ್ ಪೈಪ್ ಎಲ್ಲದರ ಕೆಲಸವೂ ಜೊತೆಗೆ ಬರುತ್ತೆ. ಎಂಜಿನ್ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಟ್ಟವರಿಗೆ ದುಡ್ಡು ಹೋಗೋದು ಇಲ್ಲೇ. ಮೇಲಾಗಿ ಇದು ಮುಂದಿನ ಚಕ್ರಗಳೇ ಎಳೆಯುವ ಗಾಡಿ. ಮೂತಿಯಲ್ಲಿ ಭಾರ ಜಾಸ್ತಿಯಾದರೆ, ಒದ್ದೆ ಎಲೆ ಬಿದ್ದ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದರೂ ಅದು ನೇರಕ್ಕೇ ಜಾರುತ್ತೆ. ಬ್ರೇಕ್ ಮಾತ್ರ 60 ಎಚ್‌ಪಿ ಕಾಲದ್ದೇ.

ಕಾನೂನೂ ಒಪ್ಪೋದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ನಿಮ್ಮದು 15 ವರ್ಷ ದಾಟಿದ ಗಾಡಿ, ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಕ್ಲೇಮ್ ತಳ್ಳಿಹಾಕೋಕೂ ಇದೇ ನೆಪ ಸಾಕು. ಈಗಿನ ಎಂಜಿನ್ ತೀರಾ ಸವೆದಿದ್ದರೆ ಅದೇ ಮಾದರಿಯ ಇನ್ನೊಂದನ್ನು ಹುಡುಕಿ, ಆರ್‌ಟಿಒ ಅನುಮತಿ ಪಡೆದು ಹಾಕಿಸಿ.

ದೇಶದಲ್ಲೇ ತಯಾರಾದ ಇಂಥ ಓಪನ್ ಸ್ಪೋರ್ಟ್ಸ್ ಕಾರುಗಳು ಬೆರಳೆಣಿಕೆಯಷ್ಟು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ತಾಳ್ಮೆ ಇರುವ ಒಬ್ಬ ಮೆಕ್ಯಾನಿಕ್‌ನ ಹಿಡಿದು ಈ ಎಂಜಿನ್ನನ್ನೇ ಸರಿ ಮಾಡಿಸಿ. ಬ್ರೇಕ್ ಆಯಿಲ್ ತೇವ ಹೀರುತ್ತೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಘಾಟಿ ಇಳಿಯೋಕೂ ನೆಮ್ಮದಿ.

ಪ್ರಶ್ನೆ: ಅಪ್ಪನ ಕಾಲದ 1968ರ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ. ಮಾರುತಿ ಎಂಜಿನ್ ಹಾಕಿಸೋಣ ಅಂತ ಮಗ ಹಠ ಹಿಡಿದಿದ್ದಾನೆ.
– ಸಾಗರದ ಓದುಗರು

ಉತ್ತರ: ಮಗನಿಗೆ 2021ರ ವಿಂಟೇಜ್ ನಿಯಮ ಓದಿಸಿ. 50 ವರ್ಷ ದಾಟಿದ ಗಾಡಿ ವಿಂಟೇಜ್ ಅಂತ ನೋಂದಣಿ ಆಗಬಹುದು. ಷರತ್ತು ಇಷ್ಟೇ, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಮಾರುತಿ ಎಂಜಿನ್ ಕೂರಿಸಿದ ದಿನವೇ ಆ ಅವಕಾಶ ಹೋಯ್ತು.