ಥ್ರಾಟಲ್ ಏರಿಸಿದರೆ ಪುಷರ್ ವಿಮಾನ ಮೂಗು ತಗ್ಗಿಸುತ್ತದೆ: ಮೋಟಾರನ್ನು ಎತ್ತ ಓರೆ ಮಾಡಬೇಕು?

ನಿಮ್ಮ ಸಮಸ್ಯೆ ಇಷ್ಟು: ಕುಮಟಾ ಕಡಲತೀರದಲ್ಲಿ ಹಾರಿಸುವ 1.4 ಮೀಟರ್ ರೆಕ್ಕೆಯ ರಿಮೋಟಿನ ಫೋಮ್ ವಿಮಾನ, ಮೋಟಾರ್ ರೆಕ್ಕೆಯ ಹಿಂಬದಿಗೆ ಎತ್ತರದಲ್ಲಿದೆ (ಹೀಗೆ ಹಿಂದಿನಿಂದ ತಳ್ಳುವುದೇ ಪುಷರ್). ಥ್ರಾಟಲ್ ಪೂರ್ತಿ ಕೊಟ್ಟೊಡನೆ ಮೂಗು ಕೆಳಗೆ. ಮುಂದೆ ಮೋಟಾರ್ ಇರುವ ವಿಮಾನಗಳಿಗೆ ಹೇಳುವ ಹಾಗೆ ಪ್ರೊಪೆಲ್ಲರನ್ನು (ಪ್ರಾಪ್) ವಾಶರ್ ಹಾಕಿ 3 ಡಿಗ್ರಿ ಕೆಳಮುಖ ಮಾಡಿದಿರಿ, ಇನ್ನಷ್ಟು ಕೆಟ್ಟಿತು. ಅದು ಕೆಡಲೇಬೇಕು ಮಾರಾಯ್ರೇ. ಆ ವಾಶರ್ ತೆಗೆದು ಪ್ರಾಪ್ ತುದಿಯನ್ನು ಮೇಲ್ಮುಖ ಮಾಡಿ.

ಮೋಟಾರ್ ಮುಂದಿರಲಿ ಹಿಂದಿರಲಿ, ನಿಯಮ ಒಂದೇ: ಶಾಫ್ಟಿನಲ್ಲಿ ಪ್ರಾಪ್ ಇರುವ ತುದಿ ಎತ್ತ ಓರೆಯಾಗುತ್ತದೋ ಮೂಗು ಅತ್ತ ಹೋಗುತ್ತದೆ. ಪುಷರಿನಲ್ಲಿ ಪ್ರಾಪ್ ಮೇಲ್ಮುಖವಾದರೆ ತಳ್ಳುವ ಬಲದ ಒಂದು ಪಾಲು ಕೆಳಕ್ಕೆ ಒತ್ತುತ್ತದೆ. ಆ ಒತ್ತು ಬೀಳುವುದು ಸಿ.ಜಿ.ಯ (ವಿಮಾನದ ತೂಕ ಸಮತೋಲಗೊಳ್ಳುವ ಬಿಂದು) ಹಿಂದೆ, ಹಾಗಾಗಿ ಬಾಲ ತಗ್ಗಿ ಮೂಗು ಏಳುತ್ತದೆ. ಎಡಬಲಕ್ಕೂ ಇದೇ ಲೆಕ್ಕ.

ಎಷ್ಟು ಡಿಗ್ರಿ ಅನ್ನುವುದಕ್ಕೆ ಅಳತೆ ತೆಗೆಯಿರಿ. ಪ್ರಾಪಿನ ನಡುಭಾಗ ಸಿ.ಜಿ.ಗಿಂತ 60 ಮಿ.ಮೀ. ಮೇಲೆ, 150 ಮಿ.ಮೀ. ಹಿಂದೆ ಇದೆ ಎಂದಿಟ್ಟುಕೊಳ್ಳೋಣ. ಓರೆಯೇ ಇಲ್ಲದಿದ್ದರೆ ಬಲದ ಗೆರೆ ಸಿ.ಜಿ.ಯಿಂದ 60 ಮಿ.ಮೀ. ದೂರದಲ್ಲಿ, ಅದರ ಮೇಲಿನಿಂದ ಹಾಯುತ್ತದೆ, ಮೂಗು ಬೀಳುವುದು ಅದಕ್ಕೇ. 5 ಡಿಗ್ರಿಗೆ ಆ ದೂರ ಸುಮಾರು 47, 10 ಡಿಗ್ರಿಗೆ 33. ಸರಿಯಾಗಿ ಸಿ.ಜಿ. ಮೂಲಕವೇ ಹಾಯಬೇಕೆಂದರೆ 22 ಡಿಗ್ರಿ ಬೇಕು. ಅಷ್ಟು ಓರೆ ಯಾರೂ ಮಾಡುವುದಿಲ್ಲ, ಮಾಡಲೂಬಾರದು: ಪ್ರಾಪಿಗೆ ಗಾಳಿ ಓರೆಯಾಗಿ ನುಗ್ಗಿ ನಡುಕ ಬರುತ್ತದೆ, ಅದರ ಗಾಳಿ ಬಾಲದ ಮೇಲೆ ಬೀಳುವ ರೀತಿಯೂ ಬದಲಾಗುತ್ತದೆ. 3 ಡಿಗ್ರಿಯಿಂದ ಶುರು ಮಾಡಿ 8ರೊಳಗೆ ನಿಲ್ಲಿಸಿ. ಉಳಿದದ್ದನ್ನು ಟ್ರಾನ್ಸ್‌ಮಿಟರಿನಲ್ಲಿ ಸರಿಪಡಿಸಬಹುದು.

ಆದರೆ ಮೋಟಾರ್ ಮುಟ್ಟುವ ಮೊದಲು ಗ್ಲೈಡ್ (ಮೋಟಾರ್ ನಿಲ್ಲಿಸಿದಾಗಿನ ತೇಲಾಟ) ಸರಿ ಇರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಸಿ.ಜಿ.ಯನ್ನು ಕೈಪಿಡಿಯಲ್ಲಿ ಹೇಳಿದ ಜಾಗಕ್ಕೆ ತನ್ನಿ, ಗೈರೋ (ವಿಮಾನವನ್ನು ತಾನೇ ನೇರ ಹಿಡಿಯುವ ಸಾಧನ) ಇದ್ದರೆ ಆಫ್ ಮಾಡಿ (ಅದು ತಪ್ಪನ್ನೆಲ್ಲ ಮುಚ್ಚಿಡುತ್ತದೆ), ಸಾಕಷ್ಟು ಎತ್ತರದಲ್ಲಿ ಥ್ರಾಟಲ್ ಪೂರ್ತಿ ಇಳಿಸಿ ಕೈ ಬಿಟ್ಟರೂ ನೇರ ತೇಲುವಂತೆ ಎಲಿವೇಟರನ್ನು (ಬಾಲದ ಅಡ್ಡರೆಕ್ಕೆಯಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ) ಟ್ರಿಮ್ ಮಾಡಿ, ಅಂದರೆ ಸ್ಟಿಕ್ ಬಿಟ್ಟಾಗ ಅದು ನಿಲ್ಲುವ ಜಾಗ ಹೊಂದಿಸಿ. ಆಮೇಲೆ ಸ್ಟಿಕ್ ಮುಟ್ಟದೆ ಥ್ರಾಟಲನ್ನು ಒಮ್ಮೆಲೇ ಮೇಲಕ್ಕೆ ಕೊಟ್ಟು ಮೊದಲ ಒಂದೆರಡು ಸೆಕೆಂಡ್ ಮಾತ್ರ ನೋಡಿ. ವೇಗ ಏರುವ ಮೊದಲೇ ಮೂಗು ಬಿದ್ದರೆ ಅದು ಮೋಟಾರ್ ಕೋನದ ತಪ್ಪು. ಮೊದಲು ನೇರ ಹೋಗಿ, ವೇಗ ಏರಿದ ಮೇಲೆ ನಿಧಾನವಾಗಿ ಮೂಗು ಎತ್ತಿದರೆ ಅದು ಸಿ.ಜಿ. ಮುಂದಾಗಿ ಎಲಿವೇಟರನ್ನು ಮೇಲಕ್ಕೆ ಟ್ರಿಮ್ ಮಾಡಿದ್ದರ ಫಲ. ಅದಕ್ಕೆ ಮೋಟಾರ್ ತಿರುಗಿಸಿದರೆ ಒಂದು ತಪ್ಪಿಗೆ ಇನ್ನೊಂದು ತಪ್ಪು ಜೋಡಿಸಿದಂತೆ.

ಈ ಪರೀಕ್ಷೆ ಬೆಳಿಗ್ಗೆ, ಕಡಲಗಾಳಿ ಏಳುವ ಮೊದಲೇ ಮುಗಿಯಬೇಕು. ಮಧ್ಯಾಹ್ನದ ಮೇಲೆ ಗಾಳಿಮರಗಳ ಸಾಲಿನ ಹಿಂದೆ ಏಳುವ ಸುಳಿಯಲ್ಲಿ ಮೂಗು ಯಾಕೆ ಬಿತ್ತೆಂದು ಹೇಳಲು ಬರುವುದಿಲ್ಲ. ಶಿರಸಿ ಕಡೆಯವರಿಗೆ ಕೊಯ್ಲಾದ ಗದ್ದೆ ಒಳ್ಳೆಯದು, ಅಡಿಕೆ ತೋಟದ ಅಂಚಿನಿಂದ ದೂರವಿದ್ದರೆ. ಕಾರವಾರದವರು ನೌಕಾನೆಲೆ ಮತ್ತು ಕೈಗಾ ಅಣುಸ್ಥಾವರದ ಸುತ್ತ ಹಾರಿಸುವ ಯೋಚನೆಯನ್ನೇ ಬಿಡಿ. ಉಳಿದ ಜಾಗಗಳಲ್ಲೂ ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಕೆಂಪು ವಲಯ (ಹಾರಾಟ ನಿಷಿದ್ಧ ಜಾಗ) ಎಲ್ಲೆಲ್ಲಿದೆ ನೋಡಿಕೊಂಡೇ ಹೊರಡಿ.

ಈಗ ವಾಶರ್. ಮೇಲಿನ ಮತ್ತು ಕೆಳಗಿನ ತಿರುಪುಗಳ ನಡುವೆ 25 ಮಿ.ಮೀ. ಅಂತರವಿದ್ದರೆ 1 ಡಿಗ್ರಿಗೆ 0.44 ಮಿ.ಮೀ. ಬೇಕು, ಅಂದರೆ 0.5 ಮಿ.ಮೀ. ದಪ್ಪದ ಒಂದು ಎಂ3 ವಾಶರಿಗೆ 1 ಡಿಗ್ರಿಗಿಂತ ತುಸು ಹೆಚ್ಚು. ಅಂತರ 19 ಮಿ.ಮೀ. ಆದರೆ ಅದೇ ವಾಶರಿಗೆ 1.5 ಡಿಗ್ರಿ. ಮೌಂಟಿನ (ಮೋಟಾರನ್ನು ಬಿಗಿಯುವ ಹಲಗೆ) ಹಿಂಬದಿಗೆ ಕೂತ ಮೋಟಾರಿಗೆ ವಾಶರ್ ಹಾಕಬೇಕಾದದ್ದು ಕೆಳಗಿನ ತಿರುಪುಗಳಿಗೆ, ಮೋಟಾರ್ ಮತ್ತು ಮೌಂಟಿನ ನಡುವೆ. ಒಂದು ಸಲಕ್ಕೆ ಒಂದೇ ವಾಶರ್ ಹೆಚ್ಚಿಸಿ, ಹಾರಿಸಿ ನೋಡಿ. ತಿರುಪು ಗಿಡ್ಡವಾಯಿತೆಂದು ಉದ್ದದ್ದು ಹಾಕುವಾಗ ಎಚ್ಚರ: ತುದಿ ಒಳಗಿನ ತಾಮ್ರದ ಸುರುಳಿಗೆ ತಾಗಿದರೆ ಮೋಟಾರೂ ಹೋಯಿತು, ಅದರ ವೇಗ ನಿಯಂತ್ರಿಸುವ ಇಎಸ್‌ಸಿಯೂ ಹೋಯಿತು. ಕೋನ ಗೊತ್ತಾದ ಮೇಲೆ ವಾಶರ್ ರಾಶಿ ತೆಗೆದು, ಅದೇ ಓರೆಗೆ ಉಜ್ಜಿದ ಪ್ಲೈವುಡ್ ಬೆಣೆ ಹಾಕಿ. ಅಡಿಕೆ ಹಾಳೆ, ರಟ್ಟು ಬೇಡ. ನಮ್ಮ ಮಳೆಗಾಲದ ತೇವಕ್ಕೆ ಉಬ್ಬಿ, ತಿರುಪಿನ ಒತ್ತಿಗೆ ಕುಗ್ಗಿ ಕೋನ ತಪ್ಪುತ್ತದೆ. ಮೌಂಟನ್ನು ಹಾಟ್ ಗ್ಲೂನಿಂದ ಅಂಟಿಸಿದ್ದರೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಅದೂ ಮೆತ್ತಗಾಗುತ್ತದೆ. ಎಪಾಕ್ಸಿ ಬಳಸಿ. ತಿರುಪುಗಳು ಸ್ಟೇನ್‌ಲೆಸ್ ಆಗಿರಲಿ, ಉಪ್ಪುಗಾಳಿಗೆ ಬೇರೆಯವು ಬೇಗ ತುಕ್ಕು ಹಿಡಿಯುತ್ತವೆ.

ಕೋನ ಅಳೆಯಲು ಉಪಕರಣ ಬೇಕಿಲ್ಲ. ಬ್ಯಾಟರಿ ಬಿಚ್ಚಿ, ಬಾಲದ ಅಡ್ಡರೆಕ್ಕೆ ಸಮತಟ್ಟಾಗುವಂತೆ ವಿಮಾನವನ್ನು ಮೇಜಿನ ಮೇಲಿಟ್ಟು, ಪ್ರಾಪಿನ ಹಿಂದೆ ಒಂದು ನಟ್ ಕಟ್ಟಿದ ದಾರ ಇಳಿಬಿಡಿ. ಪ್ರಾಪಿನ ಒಂದು ಅಲಗಿನ ತುದಿ ಮೇಲಿದ್ದಾಗ ದಾರಕ್ಕೆ ಎಷ್ಟು ದೂರ, ಅದೇ ತುದಿಯನ್ನು ಕೆಳಕ್ಕೆ ತಿರುಗಿಸಿದಾಗ ಎಷ್ಟು ದೂರ, ಎರಡನ್ನೂ ಅಳೆಯಿರಿ. 8 ಇಂಚಿನ ಪ್ರಾಪಿಗೆ 3.5 ಮಿ.ಮೀ. ವ್ಯತ್ಯಾಸವೆಂದರೆ 1 ಡಿಗ್ರಿ. ಮೇಲಿನ ತುದಿ ದಾರದಿಂದ ಹೆಚ್ಚು ದೂರವಿದ್ದರೆ ನಿಮಗೆ ಬೇಕಾದ ಓರೆ ಅದೇ. ಓರೆ ಮಾಡಿದ ಮೇಲೆ ಪ್ರಾಪ್ ಫೋಮಿಗೆ ತಾಗುವುದೋ ಎಂದು ಕೈಯಿಂದ ಪೂರ್ತಿ ಸುತ್ತು ತಿರುಗಿಸಿ ನೋಡಿ, 5 ಮಿ.ಮೀ. ಆದರೂ ಜಾಗ ಬಿಡಿ, ಬಲ ಬಿದ್ದಾಗ ಫೋಮ್ ಬಾಗುತ್ತದೆ.

ಕೈಯಿಂದ ಎಸೆದಾಗ ಎಡಕ್ಕೆ ಉರುಳುತ್ತದೆ ಎಂದೂ ಬರೆದಿದ್ದೀರಿ. ಹಿಂದಿನಿಂದ ನೋಡಿದಾಗ ಪ್ರಾಪ್ ಗಡಿಯಾರದ ಮುಳ್ಳಿನಂತೆ ತಿರುಗುತ್ತಿದ್ದರೆ ಅದು ಟಾರ್ಕ್ (ಪ್ರಾಪ್ ತಿರುಗುವುದಕ್ಕೆ ವಿಮಾನ ಎದುರು ದಿಕ್ಕಿಗೆ ತಿರುಗುವ ಒತ್ತಡ), ವಾಶರಿನಿಂದ ಹೋಗುವುದಿಲ್ಲ. ಮುಕ್ಕಾಲಿಗಿಂತ ಕಡಿಮೆ ಥ್ರಾಟಲಿನಲ್ಲಿ ಎಸೆದು, ವೇಗ ಬಂದ ಮೇಲೆ ಏರಿಸಿ.

ಪ್ರಾಪಿನ ಅಕ್ಷರಗಳಿರುವ ಮುಖ ವಿಮಾನ ಹೋಗುವ ದಿಕ್ಕಿಗೇ ಇದೆಯೇ ನೋಡಿ. ತಿರುಗುವ ದಿಕ್ಕು ತಪ್ಪಾಗಿದ್ದರೆ ಮೋಟಾರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಸಾಮಾನ್ಯ ಪ್ರಾಪನ್ನೇ ಹಿಂದೆ ಹಾಕಿದ್ದರೆ ನಟ್ ಹಾರಾಟದಲ್ಲಿ ಸಡಿಲವಾಗುವ ಕಡೆಗೇ ಎಳೆತ ಇರುತ್ತದೆ. ನೈಲಾಕ್ ನಟ್ (ಒಳಗೆ ನೈಲಾನ್ ಬಳೆಯಿದ್ದು ಸಡಿಲವಾಗದ ನಟ್) ಹಾಕಿ, ಇಲ್ಲವೇ ಹೆಸರಿನ ಕೊನೆಗೆ "ಪಿ" ಇರುವ ಪುಷರ್ ಪ್ರಾಪ್ ತಂದು ಮೋಟಾರನ್ನು ಉಲ್ಟಾ ತಿರುಗಿಸಿ.

8 ಡಿಗ್ರಿಗೆ ಬಂದರೂ ಮೂಗು ಸ್ವಲ್ಪ ಬೀಳುತ್ತಿದ್ದರೆ ಟ್ರಾನ್ಸ್‌ಮಿಟರಿನಲ್ಲಿ ಥ್ರಾಟಲಿನಿಂದ ಎಲಿವೇಟರಿಗೆ ಮಿಕ್ಸ್ ಹಾಕಿ, ಅಂದರೆ ಥ್ರಾಟಲ್ ಏರಿದಂತೆ ಎಲಿವೇಟರೂ ತಾನೇ ಆಡುವಂತೆ ಮಾಡಿ: ಅರ್ಧ ಥ್ರಾಟಲಿನವರೆಗೆ ಸೊನ್ನೆ, ಪೂರ್ತಿಗೆ 5 ಶೇಕಡಾ ಮೇಲಕ್ಕೆ. ಸಾಲದಿದ್ದರೆ ಒಂದೊಂದೇ ಶೇಕಡಾ ಏರಿಸಿ.