ಕೆಂಡದ ಅಗ್ಗಿಷ್ಟಿಕೆ ಆ ಮನೆಗೆ ಬೇಡ

ಪತ್ರ: ಮಗಳು, ಅಳಿಯ ಅಮೆರಿಕದ ಬಫಲೋದಲ್ಲಿದ್ದಾರೆ. ಕಳೆದ ವಾರ ಹಿಮಗಾಳಿಗೆ ಕರೆಂಟ್ ಹೋಗಿ ಒಂದು ರಾತ್ರಿ ಫೋನ್ ಸಿಗಲಿಲ್ಲ. ಟಿ.ವಿ. ಮುಂದೆ ಕುಳಿತು ಅತ್ತುಬಿಟ್ಟೆ. ಮತ್ತೆ ಹೀಗಾದರೆ ಬಾಣಂತಿ ಕೋಣೆಯಲ್ಲಿ ಇಡುವಂತೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಳ್ಳಿ ಎಂದು ಹೇಳಿದ್ದೇನೆ. ಇಷ್ಟು ದೂರದಿಂದ ನಾನು ಇನ್ನೇನು ಮಾಡಲಿ?
– ಸಿಂಧನೂರಿನ ಓದುಗರೊಬ್ಬರು

ಸಂಪಾದಕರ ಉತ್ತರ:

ಅಕ್ಕನವರೇ,

ಮುಂದೆ ಓದುವ ಮೊದಲು ಮಗಳಿಗೆ ಫೋನ್ ಮಾಡಿ, ಅಗ್ಗಿಷ್ಟಿಕೆ ಬೇಡವೆಂದು ಹೇಳಿಬಿಡಿ. ನಮ್ಮ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಇರುತ್ತದೆ, ಬಾಗಿಲ ಸಂದಿಯಲ್ಲಿ ಗಾಳಿ ಆಡುತ್ತದೆ. ಇಲ್ಲಿಯೂ ಎಲ್ಲವನ್ನೂ ಮುಚ್ಚಿ ಕೆಂಡ ಇಟ್ಟರೆ ಅಪಾಯವೇ. ಅಲ್ಲಿಯ ಮನೆಗಳನ್ನಂತೂ ಚಳಿಗಾಳಿ ನುಸುಳದಂತೆ ಬಿಗಿಯಾಗಿ ಕಟ್ಟಿರುತ್ತಾರೆ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬರುತ್ತದೆ. ಮಲಗಿದವರು ಏಳದೇ ಹೋಗಬಹುದು. 2021ರ ಫೆಬ್ರುವರಿಯಲ್ಲಿ ಟೆಕ್ಸಾಸ್‌ನಲ್ಲಿ ಕಡುಚಳಿಗೆ ಕರೆಂಟ್ ಹೋದಾಗ, ಬೆಚ್ಚಗಾಗಲೆಂದು ಮುಚ್ಚಿದ ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟವರು ಈ ಅನಿಲಕ್ಕೇ ಬಲಿಯಾದರು. ಜನರೇಟರ್ ಇದ್ದರೆ ಅದು ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿರಬೇಕು. ಮನೆ ಬಿಸಿಮಾಡುವ ಯಂತ್ರದ ಹೊಗೆ ಹೊರಹೋಗುವ ಕೊಳವೆಯನ್ನು ಹಿಮ ಮುಚ್ಚಿದೆಯೇ ಎಂದು ನೋಡುತ್ತಿರಬೇಕು. ಈ ಅನಿಲ ಹರಡಿದರೆ ಕೂಗಿ ಎಚ್ಚರಿಸುವ ಅಲಾರಂ ಇದೆಯೇ, ಅದರ ಬ್ಯಾಟರಿ ಸರಿಯಿದೆಯೇ ಎಂದು ತಪ್ಪದೇ ಕೇಳಿ.

ಬಫಲೋ ಇರುವುದು ಈರಿ ಸರೋವರದ ದಂಡೆಯಲ್ಲಿ. ಇನ್ನೂ ಹೆಪ್ಪುಗಟ್ಟದ ನೀರಿನ ಮೇಲೆ ಬೀಸುವ ಶೀತಗಾಳಿ ತೇವ ಹೀರಿಕೊಂಡು ಬಂದು ಊರಿನ ಮೇಲೆ ಹಿಮವಾಗಿ ಸುರಿಸುತ್ತದೆ. 2022ರ ಕ್ರಿಸ್‌ಮಸ್ ವೇಳೆಯ ಬಿರುಗಾಳಿಯಲ್ಲಿ ಆ ಭಾಗದಲ್ಲಿ 40ಕ್ಕೂ ಹೆಚ್ಚು ಜನ ತೀರಿಕೊಂಡರು. ಕೆಲವರು ದಾರಿಯಲ್ಲಿ ಸಿಕ್ಕಿಬಿದ್ದ ಕಾರುಗಳಲ್ಲಿ, ಕೆಲವರು ಬಯಲಿನಲ್ಲಿ, ಕೆಲವರು ಬಿಸಿಯಿಲ್ಲದ ಮನೆಗಳಲ್ಲಿ. ಹಿಮ ಗೋರುವಾಗ ಹೃದಯ ನಿಂತವರೂ ಇದ್ದರು. ಆಂಬುಲೆನ್ಸ್‌ಗೂ ಮುಂದೆ ಸಾಗಲಾಗಲಿಲ್ಲ. ಆದ್ದರಿಂದ ಗಾಳಿ ಏಳುವ ಮುನ್ಸೂಚನೆ ಬಂದ ಮೇಲೆ ಹಾಲು ತರಲೆಂದೂ ಅಳಿಯ ಕಾರು ತೆಗೆಯಬಾರದು. ಹಿಮವನ್ನು ಒಂದೇ ಉಸಿರಿಗೆ ಗೋರಬಾರದು. ಎಲ್ಲರೂ ಒಂದೇ ಕೋಣೆ ಸೇರಿ, ಬಾಗಿಲ ಕೆಳಗೆ ಟವೆಲ್ ಸುತ್ತಿಟ್ಟು, ಬಟ್ಟೆಯ ಮೇಲೆ ಬಟ್ಟೆ ತೊಟ್ಟು ಕೂರಲಿ. ನಲ್ಲಿಯಿಂದ ಸಣ್ಣ ಎಳೆಯಷ್ಟು ನೀರು ಹರಿಯಬಿಟ್ಟರೆ ಪೈಪು ಹೆಪ್ಪುಗಟ್ಟಿ ಒಡೆಯುವುದು ತಪ್ಪಬಹುದು.

ಇನ್ನು ನಿಮ್ಮ ಅಳು. 2009ರಲ್ಲಿ ತುಂಗಭದ್ರೆ ಉಕ್ಕಿದಾಗ ನಾನು ಮಾನ್ವಿ ತಾಲ್ಲೂಕಿನ ನಮ್ಮ ಊರಿನಲ್ಲಿದ್ದೆ. ಪುಣೆಯಿಂದ ಅಣ್ಣ ಗಳಿಗೆಗೊಮ್ಮೆ ಫೋನ್ ಮಾಡುತ್ತಿದ್ದ. ಉತ್ತರಿಸುತ್ತಾ ಉತ್ತರಿಸುತ್ತಾ ಚಾರ್ಜು ಮುಗಿಯಿತು. ಎತ್ತರದ ಶಾಲೆಯಲ್ಲಿ ನಾವು ಗಂಜಿ ಕುಡಿದು ಮಲಗಿದ ರಾತ್ರಿ ಅವನು ನಮ್ಮನ್ನೆಲ್ಲ ಹೊಳೆಗೆ ಕೊಟ್ಟಂತೆ ಅತ್ತಿದ್ದನಂತೆ. ನೀವು ಅತ್ತ ರಾತ್ರಿಯೂ ಮಗಳು ಕಂಬಳಿಯೊಳಗೆ ನಿದ್ದೆಯಲ್ಲಿದ್ದಿರಬಹುದು. ಟಿ.ವಿ. ತೋರಿಸುವುದು ಹೂತುಹೋದ ಕಾರನ್ನು. ದೀಪ ಹಚ್ಚಿಕೊಂಡು ಕುಳಿತ ಸಾವಿರ ಮನೆಗಳನ್ನಲ್ಲ. ಮೇ ತಿಂಗಳಿನ ನಮ್ಮ 43 ಡಿಗ್ರಿಯ ಸುದ್ದಿ ಕೇಳಿ ಬಫಲೋದ ತಾಯಿಯೂ ಹೀಗೆಯೇ ಬೆಚ್ಚಿಬೀಳುತ್ತಾಳೆ. ಆ ಬಿಸಿಲೂ ಜೀವ ತೆಗೆಯುತ್ತದೆ. ಆದರೆ ಎಷ್ಟು ಹೊತ್ತಿಗೆ ಹೊಲದಿಂದ ಮರಳಬೇಕು, ಹರವಿಯ ನೀರು, ಮಜ್ಜಿಗೆ ಯಾವಾಗ ಬೇಕು ಎಂಬುದು ನಮಗೆ ರೂಢಿಯಾಗಿದೆ. ಅವರಿಗೆ ಹಿಮದ ರೂಢಿ ಇದೆ. ನಿಮ್ಮ ಮಗಳು ಅದನ್ನು ನೆರೆಯವರಿಂದ ಕಲಿಯಬೇಕು.

ಚಳಿಗಾಲದಲ್ಲಿ ನಮ್ಮ ಸಂಜೆ ಆರೂವರೆಗೆ ಅವರಿಗೆ ಬೆಳಿಗ್ಗೆ ಎಂಟು. ಗಾಳಿಯ ದಿನಗಳಲ್ಲಿ ಆ ಒಂದೇ ಹೊತ್ತು ಮಾತಾಡೋಣ ಎಂದು ಗೊತ್ತುಮಾಡಿಕೊಳ್ಳಿ, ಮೊಬೈಲ್ ಚಾರ್ಜು ಉಳಿಯಲಿ. ಒಲೆ ಹಚ್ಚಲಾಗದ ದಿನಕ್ಕೆ ಖಡಕ್ ರೊಟ್ಟಿ, ಶೇಂಗಾ ಪುಡಿಗಿಂತ ಒಳ್ಳೆಯ ಆಹಾರ ನನಗೆ ಗೊತ್ತಿಲ್ಲ. ನೀವು ಕೊಟ್ಟು ಕಳುಹಿಸಿದ್ದು ಇನ್ನೂ ಉಳಿದಿದೆಯೇ ಕೇಳಿ. ಮುಗಿದಿದ್ದರೆ ಆ ಕಡೆ ಹೋಗುವವರು ಯಾರಾದರೂ ಸಿಂಧನೂರಿನಲ್ಲಿ ಇದ್ದೇ ಇರುತ್ತಾರೆ.