ಕೈಗೆಂದು ನುಂಗಿದ ಗ್ಯಾಸ್ಟ್ರಿಕ್ ಮಾತ್ರೆ

ಆಪ್ತಸಲಹೆಗಾರ್ತಿಯಾದ ನನಗೆ ಉಪನ್ಯಾಸಕರು ಕಳಿಸಿದ್ದ ಚೀಟಿಯಲ್ಲಿ ಇದ್ದದ್ದು ಎರಡು ಸಾಲು. ಹಾಜರಾತಿ ಶೇ 75 ಮುಟ್ಟುವುದು ಕಷ್ಟ, ಪರೀಕ್ಷೆಯ ಭಯ ಇರಬಹುದು, ಒಮ್ಮೆ ಮಾತನಾಡಿಸಿ. ಹುಡುಗನಿಗೆ ಹದಿನೇಳು ವರ್ಷ, ದ್ವಿತೀಯ ಪಿಯುಸಿ ವಿಜ್ಞಾನ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ, ಓದಲು ಶಿವಮೊಗ್ಗದ ಹಾಸ್ಟೆಲ್. ಅವನ ಮತ್ತು ಅವನ ತಾಯಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವನ ಹೆಸರು ವಿನಯ ಎಂದಿರಲಿ.

ಮೊದಲ ಭೇಟಿಯಲ್ಲಿ ನಾನು ಎಡವಿದೆ. ಚೀಟಿ ಹೇಳಿದ್ದನ್ನೇ ನಂಬಿ, ಪರೀಕ್ಷೆಯ ಭಯಕ್ಕೆ ಎಲ್ಲರಿಗೂ ಹೇಳುವುದನ್ನೇ ಅವನಿಗೂ ಹೇಳಿದೆ. ಓದಿನ ವೇಳಾಪಟ್ಟಿ ಬರೆಸಿದೆ, ಉಸಿರಾಟದ ಅಭ್ಯಾಸ ಕಲಿಸಿದೆ. ಅವನು ತಲೆಯಾಡಿಸಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಹೋದ. ಮಳೆ ಹೋಗಿ ಬಿಸಿಲು ಬಿದ್ದಿದ್ದರೂ ಜರ್ಕಿನ್ನಿನ ಜಿಪ್ಪನ್ನು ಕೊರಳವರೆಗೆ ಎಳೆದುಕೊಂಡಿದ್ದ. ಅದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ.

ಎರಡನೆಯ ಸಲ ಓದಿನ ಸುದ್ದಿ ಬಿಟ್ಟು ಊರಿನ ಸುದ್ದಿ ತೆಗೆದೆ. ಅಡಿಕೆಯ ಕೊನೆ (ಗೊನೆ) ಕೊಯ್ಲು ಶುರುವಾಗಿತ್ತು. ಭಾನುವಾರ ಮನೆಗೆ ಹೋದಾಗ ತೋಟಕ್ಕೆ ಇಳಿದೆಯಾ ಎಂದು ಕೇಳಿದೆ.

"ಈ ಸಲ ಕೊನೆ ಹೊರಲಿಲ್ಲ ಮೇಡಂ."

"ಯಾಕೆ?"

"ಎದೆಗೆ ತಾಗಿದರೆ ನೋಯುತ್ತದೆ."

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿಬಿಟ್ಟ. ಹೆಂಗಸಿನ ಮುಂದೆ ಹೇಳಲು ಸಂಕೋಚವಾದರೆ ನಮ್ಮ ಕೇಂದ್ರದಲ್ಲಿ ಪುರುಷ ಸಲಹೆಗಾರರಿದ್ದಾರೆ, ಅವರ ಬಳಿ ಮಾತನಾಡಬಹುದು ಎಂದೆ. ಬೇಡ ಎಂದ. ಒಂದು ಹಾಳೆ, ಪೆನ್ನು ಮುಂದಿಟ್ಟು, ಬಾಯಲ್ಲಿ ಬಾರದಿದ್ದರೆ ಬರೆ ಎಂದು ಹೇಳಿ ನಾನು ಫೈಲು ತಿರುವುತ್ತಾ ಕುಳಿತೆ. ಬಹಳ ಹೊತ್ತಿನ ಮೇಲೆ ಹಾಳೆಯನ್ನು ಮಗುಚಿ ನನ್ನ ಕಡೆ ಸರಿಸಿದ. "ನನಗೆ ಹೆಂಗಸರ ಹಾಗೆ ಎದೆ ಬರುತ್ತಿದೆ" ಎಂದು ಬರೆದಿತ್ತು.

ಆಮೇಲೆ ಒಂದೊಂದಾಗಿ ಎಲ್ಲ ಹೊರಗೆ ಬಂತು. ಹಾಸ್ಟೆಲಿನ ಸಾಮೂಹಿಕ ಬಚ್ಚಲಿಗೆ ಯಾರೂ ಏಳುವ ಮೊದಲು, ನಸುಕಿನ ನಾಲ್ಕು ಗಂಟೆಗೆ ಹೋಗಿ ತಣ್ಣೀರು ಸುರಿದುಕೊಂಡು ಬರುತ್ತಿದ್ದ. ನಿದ್ದೆಗೆಟ್ಟು ಮೊದಲ ತರಗತಿಗಳು ತಪ್ಪುತ್ತಿದ್ದವು. ಹಾಜರಾತಿಯ ಕಥೆ ಇದು. ಚೌತಿಯ ಪೂಜೆಗೆ ಅಂಗಿ ಕಳಚಿ ಕೂರಬೇಕಿತ್ತು, ಶಲ್ಯವನ್ನು ಕೊರಳವರೆಗೆ ಸುತ್ತಿಕೊಂಡು ಹೇಗೋ ಮುಗಿಸಿದ. ಅಂಗಿಯ ಮೇಲೆ ಕಾಣಿಸದಿರಲೆಂದು ಭುಜ ಮುಂದೆ ತಂದು ಗೂನುಬೆನ್ನು ಮಾಡಿಕೊಂಡು ನಡೆಯುವುದು ರೂಢಿಯಾಗಿತ್ತು. ವಾರಕ್ಕೊಮ್ಮೆ ಮನೆಗೆ ಬರುವ ಮಗನಿಗೆ ಅಪ್ಪ ಹೇಳುತ್ತಿದ್ದ ಮೊದಲ ಮಾತು: "ನೆಟ್ಟಗೆ ನಿಂತುಕೋ."

ಯಾವುದಾದರೂ ಮಾತ್ರೆ ನುಂಗುತ್ತಿದ್ದೀಯಾ ಎಂದು ಕೇಳಿದೆ.

"ಗ್ಯಾಸ್ಟ್ರಿಕ್ ಮಾತ್ರೆ ಅಷ್ಟೇ."

"ಎದೆಯುರಿ ಇದೆಯಾ?"

"ಇಲ್ಲ. ಅದು ಕೈಗೆ."

ಅರ್ಥವಾಗಲಿಲ್ಲ. ಬಲಗೈ ಮುಂದೆ ಚಾಚಿ ತೋರಿಸಿದ. ಹೆಬ್ಬೆರಳಿನ ಬುಡದಲ್ಲಿ, ಉಗುರಿನ ಸುತ್ತ, ಗೆಣ್ಣುಗಳ ಮೇಲೆ ನರಹುಲಿಗಳು. ಒಟ್ಟು ಹನ್ನೊಂದು, ಎಣಿಸಿ ಇಟ್ಟಿದ್ದ. ಅಜ್ಜಿ ದೇವರಿಗೆ ಉಪ್ಪಿನ ಹರಕೆ ಹೊತ್ತಾಗಿತ್ತು, ಯಾರೋ ಹೇಳಿದರೆಂದು ಸುಣ್ಣ ಹಚ್ಚಿ ಚರ್ಮ ಸುಟ್ಟುಕೊಂಡದ್ದೂ ಆಗಿತ್ತು. ಬೇಸಿಗೆಯಲ್ಲಿ ನೆಂಟರ ಮದುವೆಯಲ್ಲಿ ಕೋಸಂಬರಿ ಬಡಿಸಲು ನಿಂತಿದ್ದಾಗ, ಪಂಕ್ತಿಯಲ್ಲಿದ್ದ ಹಿರಿಯ ಹೆಂಗಸೊಬ್ಬರು ಅವನ ಕೈ ನೋಡಿ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರಂತೆ. ಏನೂ ಅನ್ನಲಿಲ್ಲ. ಅವನು ಪಾತ್ರೆಯನ್ನು ಪಕ್ಕದವನ ಕೈಗೆ ಕೊಟ್ಟು ಕೊಟ್ಟಿಗೆಯ ಹಿಂದೆ ಹೋಗಿ ಕುಳಿತ.

ಅಲ್ಲಿಗೆ ಹುಡುಕಿಕೊಂಡು ಬಂದವರು ಬೆಂಗಳೂರಿನ ಸೋದರಮಾವ. ಔಷಧ ವಿತರಣೆಯ ಮಳಿಗೆಯಲ್ಲಿ ಕೆಲಸ ಅವರಿಗೆ. ಅಳಿಯನ ಮೇಲೆ ಜೀವ. ಸಿಮೆಟಿಡಿನ್ ಎಂಬ ಹಳೆಯ ಎದೆಯುರಿಯ ಔಷಧ ನರಹುಲಿಗೂ ಆಗುತ್ತದೆ ಎಂದು ಎಲ್ಲೋ ಓದಿದ್ದರು. ಕಿಲೋ ತೂಕಕ್ಕೆ 30 ಮಿಲಿಗ್ರಾಂ ಎಂಬ ಲೆಕ್ಕವೂ ಅಲ್ಲೇ ಇತ್ತು. ಹುಡುಗನ ತೂಕ 52 ಕಿಲೋ. 400 ಮಿಲಿಗ್ರಾಂನ ಮಾತ್ರೆ ದಿನಕ್ಕೆ ನಾಲ್ಕು ಎಂದು ಬರೆದ ಚೀಟಿಯೊಂದಿಗೆ ಪೊಟ್ಟಣಗಳು ರಾತ್ರಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ತೀರ್ಥಹಳ್ಳಿಗೆ ಬಂದವು. ಮೂರು ತಿಂಗಳು ಎಂದಿದ್ದರು. ಎರಡನೆಯ ತಿಂಗಳಲ್ಲಿ ಎರಡು ನರಹುಲಿ ಉದುರಿದ್ದರಿಂದ ಹುಡುಗನಿಗೆ ಆಸೆ ಹುಟ್ಟಿತು. ಇನ್ನಷ್ಟು ಕಳಿಸಿ ಎಂದ. ಹೀಗೆ ಆರು ತಿಂಗಳು. ಎದೆ ಊದಿದ್ದು ಮಾತ್ರೆಯಿಂದಲೇ ಎಂಬ ಅನುಮಾನ ಅವನಿಗೆ ಕೊನೆಯವರೆಗೂ ಬರಲಿಲ್ಲ. ಹೊಟ್ಟೆಯ ಮಾತ್ರೆಗೂ ಎದೆಗೂ ಏನು ಸಂಬಂಧ? ತನ್ನ ದೇಹವೇ ತಪ್ಪಾಗಿ ಹುಟ್ಟಿದೆ ಎಂದುಕೊಂಡಿದ್ದ.

ಈ ಮಾತ್ರೆಯ ಚರಿತ್ರೆ ಸ್ವಲ್ಪ ಹೇಳಬೇಕು, ಏಕೆಂದರೆ ಮುಂದೆ ಅವನಿಗೂ ಇದನ್ನೇ ಹೇಳಿದೆ. ಸಿಮೆಟಿಡಿನ್ ಬ್ರಿಟನ್ನಿನಲ್ಲಿ ಮಾರುಕಟ್ಟೆಗೆ ಬಂದದ್ದು 1976ರಲ್ಲಿ. ಹಿಂದಿದ್ದವರು ಜೇಮ್ಸ್ ಬ್ಲ್ಯಾಕ್. ಹೊಟ್ಟೆಯ ಹುಣ್ಣಿಗೆ ಶಸ್ತ್ರಚಿಕಿತ್ಸೆಯೇ ಗತಿ ಎನ್ನುವಂತಿದ್ದ ಕಾಲದಲ್ಲಿ ಆಮ್ಲ ಸುರಿಯುವುದನ್ನೇ ತಗ್ಗಿಸುವ ಮಾತ್ರೆ ಕೊಟ್ಟವರು. 1988ರ ನೊಬೆಲ್ ಪ್ರಶಸ್ತಿ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಆಮ್ಲ ಸುರಿಸಲು ಹೇಳುವ ಹಿಸ್ಟಮೈನ್ ಎಂಬ ರಾಸಾಯನಿಕ ಜಠರದಲ್ಲಿ ಬಂದು ಕೂರುವ ಜಾಗವನ್ನು ಈ ಔಷಧ ಮೊದಲೇ ಹಿಡಿದು ಕೂರುತ್ತದೆ. ಅಂಥದೇ ಜಾಗಗಳು ರಕ್ತದ ಕೆಲವು ಬಿಳಿಯ ಕಣಗಳ ಮೇಲೂ ಇವೆ. ಹಾಗಾದರೆ ಇದು ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸಿ ವೈರಸ್ಸಿನಿಂದ ಬರುವ ನರಹುಲಿಯನ್ನು ಓಡಿಸಬಹುದಲ್ಲವೇ ಎಂಬ ಯೋಚನೆ ಹುಟ್ಟಿದ್ದು ಅಲ್ಲಿಂದ. 1990ರ ದಶಕದ ಮೊದಲ ವರದಿಗಳು ಉತ್ಸಾಹದಿಂದ ಕೂಡಿದ್ದವು. ಆದರೆ ಅವುಗಳಲ್ಲಿ ಹೋಲಿಕೆಗೆ ಬೇರೆ ಗುಂಪೇ ಇರಲಿಲ್ಲ. ಮುಂದೆ ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಬರೀ ಹಿಟ್ಟಿನ ಗುಳಿಗೆ ಕೊಟ್ಟು, ಯಾರಿಗೆ ಯಾವುದೆಂದು ತಿಳಿಯದಂತೆ ನೋಡಿದಾಗ ಗುಣವಾದವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಮಕ್ಕಳ ನರಹುಲಿಯಲ್ಲಿ ಮೂರರಲ್ಲಿ ಎರಡು ಪಾಲು ಎರಡು ವರ್ಷದೊಳಗೆ ತಾವಾಗಿಯೇ ಹೋಗುತ್ತವೆ. ಆ ಎರಡು ವರ್ಷದಲ್ಲಿ ಉಪ್ಪಿನ ಹರಕೆ ಹೊತ್ತರೂ ಫಲಿಸುತ್ತದೆ, ಮಾತ್ರೆ ನುಂಗಿದರೂ ಫಲಿಸುತ್ತದೆ. ಅಜ್ಜಿಯ ಉಪ್ಪಿಗೆ ಅಡ್ಡಪರಿಣಾಮ ಇರಲಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ಸಿಮೆಟಿಡಿನ್ ಗಂಡು ಹಾರ್ಮೋನಿನ ಕೆಲಸಕ್ಕೂ ಅಡ್ಡ ಬರುತ್ತದೆ. ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದ ಗಂಡಸರಲ್ಲಿ ಕೆಲವರಿಗೆ ಸ್ತನ ಊದುವುದು ವೈದ್ಯರಿಗೆ ಹಳೆಯ ಸಂಗತಿ. ಬಿಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ಹುಣ್ಣಿಗೆ ವಾಡಿಕೆಯಲ್ಲಿ ಕೊಡುತ್ತಿದ್ದದ್ದು ದಿನಕ್ಕೆ 800 ಮಿಲಿಗ್ರಾಂ, ಇವನು ನುಂಗುತ್ತಿದ್ದದ್ದು ಅದರ ಎರಡರಷ್ಟು.

ನಾನು ವೈದ್ಯೆಯಲ್ಲ. ಕಾರಣ ಇದೇ ಎಂದು ತೀರ್ಮಾನಿಸುವುದು ನನ್ನ ಕೆಲಸವೂ ಅಲ್ಲ. ಆ ವಯಸ್ಸಿನ ಎಷ್ಟೋ ಹುಡುಗರಿಗೆ ಯಾವ ಮಾತ್ರೆಯೂ ಇಲ್ಲದೆ ಸ್ವಲ್ಪ ಊತ ಬಂದು ಹೋಗುತ್ತದೆ, ಅಪರೂಪಕ್ಕೆ ಬೇರೆ ಕಾಯಿಲೆಯೂ ಕಾರಣವಾಗಬಹುದು, ಆದ್ದರಿಂದ ವೈದ್ಯರು ನೋಡಲೇಬೇಕು ಎಂದು ಹೇಳಿದೆ. ಮಾತ್ರೆ ಇಂದೇ ನಿಲ್ಲಿಸು ಎಂದೆ. ಊತ ಇಳಿಸಲು ಮತ್ತೊಂದು ಮಾತ್ರೆಯನ್ನು ಮೊಬೈಲಿನಲ್ಲಿ ಹುಡುಕುವುದಿಲ್ಲ ಎಂದು ಮಾತು ತೆಗೆದುಕೊಂಡೆ. ಅವನಿಗೆ ಎಲ್ಲಕ್ಕಿಂತ ಹೆದರಿಕೆ ಇದ್ದದ್ದು ವೈದ್ಯರ ಎದುರು ಅಂಗಿ ಬಿಚ್ಚುವ ಗಳಿಗೆಗೆ. ಅದನ್ನು ನನ್ನ ಕೋಣೆಯಲ್ಲೇ ಎರಡು ಸಲ ಆಡಿ ನೋಡಿದೆವು. ನಾನು ವೈದ್ಯೆ, ಅವನು ರೋಗಿ. ಹೇಳಬೇಕಾದದ್ದು ಒಂದೇ ವಾಕ್ಯ, ಅದನ್ನು ಬರೆದುಕೊಂಡ: ಯಾವ ಮಾತ್ರೆ, ದಿನಕ್ಕೆಷ್ಟು, ಎಷ್ಟು ತಿಂಗಳು. ಪರೀಕ್ಷಿಸುವಾಗ ಪುರುಷ ವೈದ್ಯರೇ ಬೇಕೆಂದು ಕೇಳುವ ಹಕ್ಕು ನಿನಗಿದೆ ಎಂದದ್ದೇ ಅವನ ಭುಜವನ್ನು ಸ್ವಲ್ಪ ಸಡಿಲ ಮಾಡಿತು.

ವೈದ್ಯರನ್ನು ಕಾಣುವ ಮೊದಲು ಮೂರನೆಯ ಸಲ ಬಂದಾಗ, ಉಳಿದ ಮಾತ್ರೆ ಏನು ಮಾಡಿದೆ ಎಂದು ಸುಮ್ಮನೆ ಕೇಳಿದೆ.

"ಮನೆಯಲ್ಲಿ ಅಮ್ಮನಿಗೆ ಕೊಟ್ಟೆ. ನನಗೆ ಬೇಡ ಎಂದೆ. ಅಮ್ಮ ಅಜ್ಜನಿಗೆ ಕೊಡುತ್ತಿದ್ದಾಳೆ."

"ಅಜ್ಜನಿಗೆ ಯಾಕೆ?"

"ಹುಳಿತೇಗು ಇದೆಯಲ್ಲ. ಅದು ಅದಕ್ಕೇ ಇರುವ ಮಾತ್ರೆ ಅಲ್ಲವಾ? ದುಡ್ಡು ಕೊಟ್ಟು ತಂದದ್ದು."

ಅಜ್ಜ ಬೇರೆ ಏನು ತೆಗೆದುಕೊಳ್ಳುತ್ತಾರೆ ಎಂದೆ. "ದಮ್ಮಿನ ಮಾತ್ರೆ" ಎಂದ. ಮಲೆನಾಡಿನ ಮಳೆಗಾಲ ಕಂಡ ಮನೆಗಳಲ್ಲಿ ಉಬ್ಬಸದ ಅಜ್ಜಂದಿರು ಹೊಸಬರೇನಲ್ಲ. ಅಲ್ಲೇ ಮನೆಗೆ ಫೋನ್ ಮಾಡಿಸಿ ತಾಯಿಯಿಂದ ಹಾಳೆಯ ಮೇಲಿನ ಹೆಸರು ಓದಿಸಿದೆ. ಥಿಯೋಫಿಲಿನ್ ಇರುವ ಮಾತ್ರೆ. ಅದರಲ್ಲಿ ಔಷಧಕ್ಕೂ ವಿಷಕ್ಕೂ ನಡುವಿನ ಗೆರೆ ಬಹಳ ತೆಳು. ಅದನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವಗಳನ್ನು ಸಿಮೆಟಿಡಿನ್ ನಿಧಾನ ಮಾಡುತ್ತದೆ. ನುಂಗಿದ್ದು ರಕ್ತದಲ್ಲೇ ಶೇಖರವಾಗುತ್ತಾ ಹೋಗುತ್ತದೆ. ಸಿಮೆಟಿಡಿನ್ ಇಂಥ ಹೊಂದಾಣಿಕೆಯಾಗದ ಜೋಡಿಗಳಿಗೆ ಹೆಸರುವಾಸಿ. ರಕ್ತ ತಿಳಿಯಾಗಿಸುವ ವಾರ್ಫರಿನ್, ಅಪಸ್ಮಾರದ ಫೆನಿಟಾಯಿನ್ ಕೂಡ ಆ ಪಟ್ಟಿಯಲ್ಲಿವೆ.

"ಅಜ್ಜನಿಗೆ ಈಗ ಹೇಗಿದೆ?" ಎಂದು ತಾಯಿಯನ್ನು ಕೇಳಿದೆ.

"ನಾಲ್ಕು ದಿನದಿಂದ ನಿದ್ದೆ ಇಲ್ಲ ಮೇಡಂ. ಕೈ ನಡುಗಿ ಲೋಟದ ಕಾಫಿಯೆಲ್ಲ ಪಂಚೆಯ ಮೇಲೆ. ಬೆಳಿಗ್ಗೆ ಎರಡು ಸಲ ವಾಂತಿ ಆಯಿತು. ವಯಸ್ಸಾಯಿತಲ್ಲ ಎಂದುಕೊಂಡೆವು."

ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಎರಡೂ ಮಾತ್ರೆಯ ಹಾಳೆಗಳು ಜೊತೆಯಲ್ಲಿರಲಿ ಎಂದೆ. ಹೊರಟರು. ಎರಡು ರಾತ್ರಿ ಇಟ್ಟುಕೊಂಡು ಕಳಿಸಿದರು, ಅಜ್ಜ ಚೇತರಿಸಿಕೊಂಡರು. ಗುಟ್ಟು ಕಾಯುತ್ತೇನೆ, ಆದರೆ ಯಾರ ಜೀವಕ್ಕಾದರೂ ಅಪಾಯ ಕಂಡರೆ ಕಾಯುವುದಿಲ್ಲ ಎಂದು ಮೊದಲ ದಿನವೇ ಹುಡುಗನಿಗೆ ಹೇಳಿದ್ದೆ. ಹಾಗೆ ಹೇಳಿದ್ದು ಅವತ್ತು ನನ್ನನ್ನು ಉಳಿಸಿತು. ಆದರೂ ಫೋನಿನಲ್ಲಿ ಹೇಳಿದ್ದು ಅಜ್ಜನ ವಿಷಯ ಮಾತ್ರ, ಹುಡುಗನ ಎದೆಯ ವಿಷಯವಲ್ಲ. ಅದನ್ನು ಮರುವಾರ ತಾಯಿಯ ಎದುರು ಅವನೇ ಹೇಳಿದ. ತಾಯಿ ಅಳಲಿಲ್ಲ. "ಅದಕ್ಕೇನೋ ನೀನು ಬಗ್ಗಿ ನಡೆಯುತ್ತಿದ್ದದ್ದು" ಎಂದು ಬಹಳ ಹೊತ್ತು ಅವನ ಬೆನ್ನು ನೋಡುತ್ತಾ ಕುಳಿತರು.

ತಾಯಿಗೆ ನಾನು ಹೇಳಿದ್ದು ಹೆಚ್ಚಿಲ್ಲ. ಮನೆಯಲ್ಲಿರುವ ಎಲ್ಲ ಮಾತ್ರೆ ಒಂದು ಡಬ್ಬಿಗೆ ತುಂಬಿ ತನ್ನಿ, ಯಾರದು ಯಾವುದು ಎಂದು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ, ವೈದ್ಯರ ಬಳಿ ಹೋಗುವಾಗ ಆ ಹಾಳೆ ಕಿತ್ತುಕೊಂಡು ಹೋಗಿ. ಹುಳಿತೇಗಿನ ಮಾತ್ರೆ ಕೂಡ ಔಷಧ ಎನ್ನುವುದು ನಮ್ಮ ಮನೆಗಳಲ್ಲಿ ಮರೆತೇಹೋಗಿದೆ. ಇದರ ತಮ್ಮನಂತಿರುವ ರಾನಿಟಿಡಿನ್ ಕಾಫಿಪುಡಿಯ ಡಬ್ಬಿಯ ಪಕ್ಕ ಕೂತಿರುವ ಮನೆಗಳನ್ನು ಎಷ್ಟೋ ನೋಡಿದ್ದೇನೆ. 2022ರಲ್ಲಿ ಅದು ದೇಶದ ಅತ್ಯಗತ್ಯ ಔಷಧಗಳ ಪಟ್ಟಿಯಿಂದ ಹೊರಬಿದ್ದ ಸುದ್ದಿ ಆ ಡಬ್ಬಿಗಳವರೆಗೆ ತಲುಪಿಲ್ಲ.

ಅಪ್ಪನಿಗೆ ಹೇಳಬೇಕೋ ಬೇಡವೋ ಎಂಬುದನ್ನು ಹುಡುಗನಿಗೇ ಬಿಟ್ಟೆ. ತಾಯಿಯ ಬಾಯಲ್ಲಿ ಹೇಳಿಸಿದ. "ನೆಟ್ಟಗೆ ನಿಂತುಕೋ" ಎಂಬ ಮಾತು ನಿಂತಿತು.

ಮಾವ ನನಗೆ ತಾವಾಗಿಯೇ ಫೋನ್ ಮಾಡಿದರು, ಸ್ವಲ್ಪ ಸಿಟ್ಟಿನಲ್ಲೇ. "ನಾನು ಓದದೆ ಕೊಟ್ಟವನಲ್ಲ. ಹಳೆಯ ಔಷಧಗಳಿಗೆ ಹೊಸ ಉಪಯೋಗ ಕಂಡುಹಿಡಿಯುವುದಿಲ್ಲವೇ?" ಕಂಡುಹಿಡಿಯುತ್ತಾರೆ, ಅವರ ಮಾತು ಸುಳ್ಳಲ್ಲ. ಅದೇ ಬ್ಲ್ಯಾಕ್ ಹೃದಯಕ್ಕೆಂದು ರೂಪಿಸಿದ ಪ್ರೊಪ್ರನೊಲಾಲ್ ಇವತ್ತು ಮೈಗ್ರೇನ್ ತಡೆಯಲು, ಕೈನಡುಕಕ್ಕೆ ಬಳಕೆಯಾಗುತ್ತದೆ. ಮೈಮೇಲೆ ಏಳುವ ಪಿತ್ತದ ಗಂಧೆಗೆ ಬೇರೆ ಮಾತ್ರೆ ಸಾಲದಾದಾಗ ಚರ್ಮವೈದ್ಯರು ಎದೆಯುರಿಯ ಮಾತ್ರೆಯನ್ನು ಜೊತೆಗೆ ಸೇರಿಸುವುದೂ ಉಂಟು. ಅಲ್ಲಿ ಕೊಡುವವರು ಮುಂದಿನ ತಿಂಗಳು ಮತ್ತೆ ನೋಡುತ್ತಾರೆ, ನಿಮ್ಮ ಪೊಟ್ಟಣವನ್ನು ನೋಡಲು ಯಾರಿದ್ದರು ಎಂದು ಕೇಳಿದೆ. ನೀವು ಓದಿದ್ದು ಮೊದಲ ವರದಿ, ಆಮೇಲಿನದನ್ನು ಓದಲಿಲ್ಲ ಎಂದೂ ಹೇಳಿದೆ. ಫೋನ್ ಇಟ್ಟರು. ಕಟುವಾಗಿ ಹೇಳಿದೆನೇನೋ. ಪಂಕ್ತಿಯಿಂದ ಎದ್ದುಹೋದ ಹುಡುಗನ ಹಿಂದೆ ಕೊಟ್ಟಿಗೆಯವರೆಗೆ ಹೋದವರು ಅವರೊಬ್ಬರೇ ಎಂಬುದು ಆ ಗಳಿಗೆಯಲ್ಲಿ ನನಗೆ ನೆನಪಾಗಲಿಲ್ಲ.

ವೈದ್ಯರು ರಕ್ತ ಪರೀಕ್ಷೆ ಮಾಡಿಸಿ, ಬೇರೆ ಕಾರಣ ಕಾಣುವುದಿಲ್ಲ ಎಂದರು. ಅಡ್ಡಪರಿಣಾಮದ ವರದಿಯ ನಮೂನೆ ತುಂಬಿ ಕಳಿಸಿದರು. ಇದನ್ನು ರೋಗಿಗಳೂ ನೇರವಾಗಿ ತಿಳಿಸಬಹುದು, ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024. ನರಹುಲಿಗೆ ಸ್ಯಾಲಿಸಿಲಿಕ್ ಆಮ್ಲದ ಲೇಪ ಬರೆದುಕೊಟ್ಟರು. ಅದು ಇನ್ನೂ ಹಳೆಯ ಔಷಧ, ಪರೀಕ್ಷೆಗಳಲ್ಲಿ ನಿಂತದ್ದು. ದಿನವೂ ಹಚ್ಚಬೇಕು, ತಿಂಗಳುಗಟ್ಟಲೆ ಬೇಕು. ಹಾಸ್ಟೆಲಿನವರ ಜೊತೆ ಮಾತನಾಡಿ ಒಳಗಿನಿಂದ ಚಿಲಕವಿರುವ ಬಚ್ಚಲನ್ನು ಬಳಸಲು ಅವಕಾಶ ಮಾಡಿಸಿದೆ, ಕಾರಣ ಹೇಳದೆ. ಅದರಿಂದ ಹಾಜರಾತಿ ಸುಧಾರಿಸಿತು. ಉಸಿರಾಟದ ಅಭ್ಯಾಸ ಅವನು ಒಂದು ದಿನವೂ ಮಾಡಿರಲಿಲ್ಲವಂತೆ.

ಮಾರ್ಚ್ ಹೊತ್ತಿಗೆ ಬಲಗಡೆಯ ಊತ ಪೂರ್ತಿ ಇಳಿದಿತ್ತು, ಎಡಗಡೆ ಬಟಾಣಿಯಷ್ಟು ಉಳಿದಿತ್ತು, ನೋವಿರಲಿಲ್ಲ. ಪರೀಕ್ಷೆ ಮುಗಿಸಿ ಬಂದವನು ಕೊನೆಯ ಭೇಟಿಯಲ್ಲಿ ಕೇಳಿದ್ದು ಒಂದೇ: ಮಾವ ಆಮೇಲೆ ಮನೆಗೆ ಬಂದಿಲ್ಲ, ಅಪ್ಪ ಅವರ ಹೆಸರು ಎತ್ತುವುದಿಲ್ಲ, ನೀವು ಒಮ್ಮೆ ಮಾವನಿಗೆ ಫೋನ್ ಮಾಡುತ್ತೀರಾ? ನಾನು ಮಾಡಿದರೆ ಮತ್ತೆ ಸಿಟ್ಟಾಗುತ್ತಾರೆ, ನೀನೇ ಮಾಡು ಎಂದೆ. ಏನು ಹೇಳಲಿ ಎಂದ. ಕೈಯಲ್ಲಿ ಇನ್ನು ಎಷ್ಟು ಉಳಿದಿವೆ ಎಂದು ಹೇಳು ಎಂದೆ. ಬಲಗೈ ತಿರುಗಿಸಿ ಎಣಿಸಿದ. ಐದು.